ಎಂಟನೆಯ ತೋಟಾ

ಹ್ಯಾರೋ ಕ್ರೀಕ್ ಕಣಿವೆಯಲ್ಲಿ ಇನ್ನೊಬ್ಬರ ಹಲ್ಲುಜ್ಜುವ ಬ್ರಷ್ಷನ್ನಾದರೂ ಬಾಯಿಗಿಟ್ಟುಕೊಂಡಾರು, ಇನ್ನೊಬ್ಬರು ಕೈಯಾರೆ ತುಂಬಿದ ತೋಟಾವನ್ನು ಮಾತ್ರ ತಮ್ಮ ಕೋವಿಗೆ ಹಾಕರು. ಅಂಗಡಿಯಲ್ಲಿ ಕೊಂಡದ್ದಾದರೆ ಆ ಮಾತು ಬೇರೆ. ನೆಲಮಾಳಿಗೆಯಲ್ಲಿ ಕೂತು, ಹಾರಿಸಿದ ಹಿತ್ತಾಳೆ ಚಿಪ್ಪಿಗೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಮೇಲೆ ಗುಂಡು ಒತ್ತಿ ಮಾಡಿದ್ದು ಅವರವರ ಕೈಯಡುಗೆ. ಉಪ್ಪು ಹೆಚ್ಚಾಯಿತೋ, ಉಣ್ಣುವವರ ಮೂತಿಯೇ ಉಳಿಯುವುದಿಲ್ಲ. ಈ ನಿಯಮಕ್ಕೆ ಒಂದೇ ಒಂದು ವಿನಾಯಿತಿ ಉಂಟು. ಮನೆಯ ಯಜಮಾನ ಸತ್ತರೆ, ಅವನು ಕೊನೆಯದಾಗಿ ತುಂಬಿಟ್ಟ ಡಬ್ಬಿಯನ್ನು ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆ ಶುರುವಾಗುವುದಕ್ಕೆ ಮುಂಚೆ, ಅವನ ಕೋವಿ ಯಾರ ಪಾಲಿಗೆ ಬಂದಿದೆಯೋ ಅವರು ಹಾರಿಸಿ ಮುಗಿಸಬೇಕು. ಪ್ರತಿ ಗುಂಡಿಗೂ ಮುಂಚೆ ಸತ್ತವನ ಬಗ್ಗೆ ಒಂದು ಮಾತಾಡಬೇಕು. ಈ ಕಟ್ಟಳೆ ಹಾಕಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಅವನ ಮನೆಯಲ್ಲಿ ಇದ್ದದ್ದು ಗಟ್ಟಿ ಕೋವಿಯೇ ಇರಬೇಕು.

ಅಲ್ಮಾ ಬ್ರೆಕ್ಕೆಗೆ ಆ ವರ್ಷದ ಅಕ್ಟೋಬರ್ ಬರುವುದೇ ಬೇಡವಾಗಿತ್ತು. ಗಂಡ ಓರಿನ್ ಮಾರ್ಚಿನಲ್ಲಿ ನಿದ್ದೆಯಲ್ಲೇ ಹೋಗಿದ್ದ. ಅವನು ಫೆಬ್ರವರಿಯಲ್ಲಿ ತುಂಬಿದ ಇಪ್ಪತ್ತು ತೋಟಾಗಳ ಡಬ್ಬಿ ನೆಲಮಾಳಿಗೆಯಲ್ಲಿ ಹಾಗೇ ಕೂತಿತ್ತು. ಮುಚ್ಚಳದ ಮೇಲೆ ಅವನದೇ ಕೈಬರಹ: ‘ಅಜ್ಜನ ಕೋವಿಗೆ ಮಾತ್ರ.’

ಓರಿನ್ನನ ಬಳಿ ಇದ್ದದ್ದು ಮೂರು ಕೋವಿ. ಮೂರಕ್ಕೂ ಒಂದೇ ಅಳತೆಯ ತೋಟಾ, ಮೂರಕ್ಕೂ ಹೊಟ್ಟೆ ಬೇರೆ ಬೇರೆ. ಮೊದಲನೆಯದು ಅವನ ಮುತ್ತಜ್ಜನ ಕಾಲದ್ದು, ಅದೇ ಅಜ್ಜನ ಕೋವಿ. ಹಿಂದುಗಡೆ ಒಂದು ಪುಟ್ಟ ಬಾಗಿಲು, ಡಬ್ಬಿಯ ಮುಚ್ಚಳದ ಹಾಗೆ ಮೇಲಕ್ಕೆ ತೆರೆದುಕೊಳ್ಳುವಂಥದ್ದು. ಹಳೇ ಕಬ್ಬಿಣ, ಅದಕ್ಕೆ ಕೊಡುವ ಮದ್ದು ಕಾಯಿಲೆಯವರ ಗಂಜಿಯಷ್ಟು ತೆಳು. ಎರಡನೆಯದು ಕೆಳಗಿನ ಹಿಡಿಕೆ ಎಳೆದರೆ ತೋಟಾ ತಾನಾಗಿ ಏರುವ ಕೋವಿ, ಅದು ಮನೆಯೂಟ ಅರಗಿಸಿಕೊಳ್ಳುತ್ತದೆ. ಮೂರನೆಯದು ಉಕ್ಕಿನ ದಿಮ್ಮಿಯೊಂದು ಮೇಲೆದ್ದು ಬಾಯಿ ಮುಚ್ಚುವ ಒಂಟಿಗುಂಡಿನ ಕೋವಿ. ಮದುವೆಯೂಟ ತುರುಕಿದರೂ ಅದು ತೇಗುವುದಿಲ್ಲ. ಅದರ ಊಟವನ್ನು ಅಜ್ಜನ ಕೋವಿಗೆ ಬಡಿಸಿದರೋ, ಹಿಂದಿನ ಬಾಗಿಲು ಕಿತ್ತು ಬರುವುದು ಹಾರಿಸುವವರ ಕಣ್ಣಿಗೆ. ಹೊರಗಿನಿಂದ ನೋಡಿದರೆ ಮೂರು ತೋಟಾಗಳೂ ತ್ರಿವಳಿ ಮಕ್ಕಳು. ಅದಕ್ಕೇ ಓರಿನ್ ತೋಟಾದ ಬುಡಕ್ಕೆ ಉಗುರುಬಣ್ಣ ಬಳಿಯುತ್ತಿದ್ದ. ಅಜ್ಜನಿಗೆ ಬಿಳಿ, ಹಿಡಿಕೆಯದಕ್ಕೆ ಕೆಂಪು, ಗಟ್ಟಿಯದಕ್ಕೆ ನೀಲಿ. ಆರಡಿ ಎರಡಂಗುಲದ ಆಳು ಅಂಗಡಿಗೆ ಹೋಗಿ ಉಗುರುಬಣ್ಣ ಆರಿಸುವುದನ್ನು ನೋಡಿ ಊರೇ ನಕ್ಕಿತ್ತು. ‘ನಗ್ರಪ್ಪ ನಗ್ರಿ, ನನ್ನ ಹುಬ್ಬು ಎರಡೂ ಇನ್ನೂ ಇದಾವೆ’ ಅನ್ನುತ್ತಿದ್ದ.

ಅಂಥ ಮನುಷ್ಯನ ತಲೆ ಕೊನೆಯ ಒಂದೂವರೆ ವರ್ಷ ಕೈಕೊಟ್ಟಿತ್ತು. ಅದು ಅಲ್ಮಾ ಒಬ್ಬಳಿಗೇ ಗೊತ್ತು, ಅಥವಾ ಅವಳೊಬ್ಬಳಿಗೇ ಗೊತ್ತು ಎಂದು ಅವಳು ನಂಬಿದ್ದಳು. ಕಾಫಿಗೆ ಉಪ್ಪು ಹಾಕುತ್ತಿದ್ದ. ಅವಳನ್ನು ಸತ್ತುಹೋದ ತನ್ನಕ್ಕನ ಹೆಸರಿನಿಂದ, ರಾಗ್ನಾ, ರಾಗ್ನಾ ಎಂದು ಕರೆಯುತ್ತಿದ್ದ. ಬೆರಳು ಮಡಿಸಿ ಎಣಿಸಲು ಹೊರಟರೆ ಆರರ ಹತ್ತಿರ ದಾರಿ ತಪ್ಪುತ್ತಿದ್ದ. ಊರಿಗೆ ಗೊತ್ತಾದರೆ ಕೋವಿಗಳನ್ನು ತೆಗೆದಿಡಬೇಕು, ನೆಲಮಾಳಿಗೆಗೆ ಬೀಗ ಹಾಕಬೇಕು. ಆಮೇಲೆ ಆ ಮನುಷ್ಯ ಬದುಕುವುದಾದರೂ ಯಾತಕ್ಕೆ? ಅಲ್ಮಾಗೆ ಮನಸ್ಸು ಬರಲಿಲ್ಲ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ತಕ್ಕಡಿ ಅವಳು ನೋಡುವಳು, ಒತ್ತುಯಂತ್ರದ ಹಿಡಿಕೆ ಅವನು ಎಳೆಯುವನು. ಖಟಕ್. ಗುಂಡು ಚಿಪ್ಪಿನೊಳಗೆ ಕೂತಾಗ ಅವನ ಮುಖ ಮಗುವಿನ ಮುಖವಾಗುತ್ತಿತ್ತು.

ಆ ಫೆಬ್ರವರಿಯ ಮಧ್ಯಾಹ್ನ ಮೇಲೆ ಫೋನು ಬಡಿದುಕೊಂಡಿತು. ಚರ್ಚಿನ ಹೆಂಗಸು, ಬಾಯಿ ಬಿಟ್ಟರೆ ಅರ್ಧ ಗಂಟೆ. ಅಲ್ಮಾ ಇಳಿದು ಬರುವಷ್ಟರಲ್ಲಿ ಇಪ್ಪತ್ತೂ ಮುಗಿದು, ಬಿಳಿ ಬಣ್ಣ ಆರಿ, ಮುಚ್ಚಳದ ಮೇಲೆ ಹೆಸರು ಬರೆದಾಗಿತ್ತು. ‘ಒಬ್ಬನೇ ಮಾಡಿದೆ ನೋಡು ರಾಗ್ನಾ’ ಎಂದು ನಕ್ಕ. ಬಿಚ್ಚಿ ನೋಡೋಣ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಮೂರು ವಾರಕ್ಕೆ ಅವನೇ ಇಲ್ಲವಾದ. ಆಮೇಲಂತೂ ಅವನ ಬೆರಳು ಮುಟ್ಟಿದ ಆ ಡಬ್ಬಿಯನ್ನು ಬಿಚ್ಚುವುದೆಂದರೆ ಅವನನ್ನೇ ಇನ್ನೊಮ್ಮೆ ಗೋರಿಯಿಂದ ತೆಗೆದಂತೆ.

ಅಜ್ಜನ ಕೋವಿ ಮಗಳು ಮಾರಿತ್‌ಳ ಪಾಲಿಗೆ ಬಂದಿತ್ತು. ಮಾರಿತ್‌ಗೆ ಮೂವತ್ತನಾಲ್ಕು, ಎರಡು ಗಂಟೆ ದೂರದ ಪಟ್ಟಣದಲ್ಲಿ ದನದ ಡಾಕ್ಟರ ಹತ್ತಿರ ಕೆಲಸ. ಡಬ್ಬಿ ಹಾರಿಸುವವಳೂ ಅವಳೇ. ಅಂದರೆ ಕೋವಿಯ ಆ ಪುಟ್ಟ ಬಾಗಿಲಿನಿಂದ ಒಂದು ಗೇಣು ದೂರದಲ್ಲಿ ಇರುವುದು ಅವಳ ಕೆನ್ನೆ.

ಸದ್ದು ಶುರುವಾದದ್ದು ಸೆಪ್ಟೆಂಬರಿನಲ್ಲಿ, ಮೊದಲ ಸೋಮವಾರದ ರಜೆ ಕಳೆದ ಮಾರನೆಯ ದಿನ. ಮಾರಿತ್ ರಜೆಗೆ ಬಂದು ಹಿಂದಿನ ಸಂಜೆಯಷ್ಟೇ ಹೋಗಿದ್ದಳು. ಮಧ್ಯಾಹ್ನ ಮೂರು ಗಂಟೆ. ಹೊರಗೆ ಬಿಸಿಲು ಹರಡಿಕೊಂಡಿತ್ತು. ಅಲ್ಮಾ ಆಲೂಗಡ್ಡೆ ಸುಲಿಯುತ್ತಿದ್ದಳು. ಕೆಳಗಿನಿಂದ ಖಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಖಟಕ್. ಅವಳ ಕೈಯಲ್ಲಿದ್ದ ಚಾಕು ನಿಂತಿತು. ನಲವತ್ತು ವರ್ಷ ಕೇಳಿದ ಸದ್ದು, ಗುರುತು ಸಿಗದೆ ಇರುತ್ತದೆಯೇ? ಹಾಳಾದ್ದು, ಮೊದಲು ಅವಳಿಗೆ ಹೆದರಿಕೆಯೇ ಆಗಲಿಲ್ಲ. ಓ, ಇವನು ಕೆಲಸ ಮಾಡ್ತಿದಾನೆ ಅನ್ನಿಸಿತು. ಇನ್ನೊಂದು ಲೋಟ ಕಾಫಿ ಬಗ್ಗಿಸಲು ಕೈ ಹೋಯಿತು. ಆಮೇಲೆ ಅವನು ಸತ್ತದ್ದು ನೆನಪಾಗಿ ಲೋಟ ಕೆಳಗಿಟ್ಟಳು.

ಇಳಿದು ನೋಡಿದರೆ ಏನೂ ಇಲ್ಲ. ಒತ್ತುಯಂತ್ರದ ಹಿಡಿಕೆ ಮೇಲಕ್ಕೆ ನಿಂತಿತ್ತು, ತಕ್ಕಡಿಗೆ ಬಟ್ಟೆ ಮುಚ್ಚಿತ್ತು.

ಮಾರನೆಯ ದಿನವೂ ಮೂರಕ್ಕೇ. ಅದರ ಮಾರನೆಯ ದಿನವೂ. ಅವಳು ಎಣಿಸತೊಡಗಿದಳು. ಏಳು ಸಲ ಖಟಕ್, ಆಮೇಲೆ ಮೌನ, ಆಮೇಲೆ ಹದಿಮೂರು ಸಲ. ದಿನವೂ ಅಷ್ಟೇ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹಿಡಿಕೆಗೂ ಗೋಡೆಯ ಮೊಳೆಗೂ ಹೊಲಿಗೆ ದಾರ ಕಟ್ಟಿ ನೋಡಿದಳು. ಸದ್ದು ಬಂತು, ದಾರ ಹರಿದಿರಲಿಲ್ಲ. ಒಂದು ದಿನ ಧೈರ್ಯ ಮಾಡಿ ತನ್ನ ಹಳೆಯ ಕುರ್ಚಿಯಲ್ಲೇ ಹೋಗಿ ಕೂತಳು. ಕಣ್ಣೆದುರು ಹಿಡಿಕೆ ಕದಲಲಿಲ್ಲ, ಸದ್ದು ಮಾತ್ರ ಅದರೊಳಗಿನಿಂದಲೇ ಬಂತು. ಏಳಾದ ಮೇಲೆ ಆ ಮೌನ. ಆಗ ಅವಳ ಪಕ್ಕದಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಯಾರೋ ಕೆಲಸ ನಿಲ್ಲಿಸಿ ತಲೆಯೆತ್ತಿ ಮೆಟ್ಟಿಲಿನ ಕಡೆ ನೋಡುತ್ತಿರುವುದು ಅವಳಿಗೆ ಗೊತ್ತಾಯಿತು. ಕಂಡದ್ದಲ್ಲ, ಗೊತ್ತಾದದ್ದು. ಅವಳೂ ತಿರುಗಿ ನೋಡಿದಳು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಬಿದ್ದಂಬೀಳ ಹತ್ತಿ ಬಂದವಳು ಆಮೇಲೆ ಮೂರು ಗಂಟೆಗೆ ಕೆಳಗಿಳಿಯಲಿಲ್ಲ.

ಏಳು ಮತ್ತು ಹದಿಮೂರು, ಒಟ್ಟು ಇಪ್ಪತ್ತು. ಅಲ್ಮಾ ದಡ್ಡಿಯಲ್ಲ. ಏಳರ ತನಕ ಸರಿಯಾಗಿ ತುಂಬಿದಾನೆ, ಅಲ್ಲಿಗೆ ತಲೆ ತಪ್ಪಿದೆ, ಮಿಕ್ಕ ಹದಿಮೂರಕ್ಕೆ ಗಟ್ಟಿ ಕೋವಿಯ ಮದ್ದು ಸುರಿದಿದಾನೆ ಅನ್ನಿಸಿತು. ಮರುಕ್ಷಣವೇ, ಛೆ, ಒಬ್ಬಳೇ ಇದ್ದು ಇದ್ದು ನಿನ್ನ ಕಿವಿಗೇ ಹುಚ್ಚು ಹಿಡಿದಿದೆ ಎಂದು ತನ್ನನ್ನೇ ಬೈದುಕೊಂಡಳು. ಮಗಳಿಗೆ ಹೇಳಬೇಕು ಎಂದು ದಿನವೂ ಫೋನು ಹಿಡಿದಳು. ಏನೆಂದು ಹೇಳುವುದು? ನಿನ್ನಪ್ಪನಿಗೆ ಎಣಿಸಲು ಬರುತ್ತಿರಲಿಲ್ಲ, ನಾನು ಅವನ ಕೈಗೆ ಮದ್ದು ಕೊಟ್ಟೆ, ನಿಮಗೆಲ್ಲ ಸುಳ್ಳು ಹೇಳಿದೆ ಎಂದೇ? ಹವಾ ಹೇಗಿದೆ, ದನಗಳು ಹೇಗಿವೆ ಎಂದು ಕೇಳಿ ಇಟ್ಟುಬಿಡುತ್ತಿದ್ದಳು.

ಅಕ್ಟೋಬರ್ ಬಂದೇ ಬಂತು. ಬೇಟೆಗೆ ಇನ್ನೂ ಒಂದು ವಾರವಿರುವಾಗ, ಶನಿವಾರ, ಮಾರಿತ್ ಬಂದಳು. ಓರಿನ್ನನ ತಮ್ಮ ಲೈಲ್ ತನ್ನ ಟ್ರಕ್ಕಿನಲ್ಲಿ ಬಂದ. ಲೈಲ್ ಅರುವತ್ತು ದಾಟಿದ ಒಂಟಿ ಮನುಷ್ಯ, ಬಾಯಿ ಮಾತ್ರ ನಾಲ್ಕು ಜನರದ್ದು.

“ಅತ್ತಿಗೆ, ಕಡುಬಿನ ವಾಸನೆ ರಸ್ತೆಗೇ ಬಂತು. ನಾನು ಬಂದಿದ್ದು ಅಣ್ಣನಿಗೋಸ್ಕರ ಅಂತ ತಿಳ್ಕೊಬೇಡಿ ಮತ್ತೆ.”

“ಗೊತ್ತು ಕಣಯ್ಯಾ, ನಿನ್ನ ಹೊಟ್ಟೆಗೋಸ್ಕರ ಅಂತ. ಮೊದಲು ಬೂಟು ಕಳಚು.”

ಮಾರಿತ್ ಕೆಳಗೆ ಹೋಗಿ ಡಬ್ಬಿ ತಂದಳು. ಅಲ್ಮಾ ಕೈ ಒರೆಸಿಕೊಳ್ಳುತ್ತ, ಆದಷ್ಟು ಸಾಮಾನ್ಯ ದನಿಯಲ್ಲಿ, “ಮಾರಿತ್, ಅಂಗಡಿ ತೋಟಾ ಒಂದು ಡಬ್ಬಿ ಇದೆ. ಅದನ್ನೇ ಹಾರಿಸಿಬಿಡೆ. ಅಪ್ಪನದು ನನ್ನ ಹತ್ರ ಇರ್ಲಿ” ಅಂದಳು.

“ಬೇಡಮ್ಮ. ಇದೇ ಸರಿ.”

“ಹಳೇ ಕೋವಿ ಕಣೆ.”

“ಅಮ್ಮಾ, ನನ್ನ ನಂಬು. ಏನೂ ಆಗಲ್ಲ.” ಮಗಳು ಅದನ್ನು ಹೇಳಿದ ರೀತಿಯಲ್ಲಿ ಎಂಥದೋ ಅವಸರ ಇತ್ತು. ಅಲ್ಮಾಗೆ ಅದು ತಿಳಿಯಲಿಲ್ಲ.

“ಅಯ್ಯೋ ಅತ್ತಿಗೆ, ಅಣ್ಣ ತುಂಬಿದ್ದಕ್ಕಿಂತ ಗಟ್ಟಿ ಯಾವುದಿದೆ? ಸಕ್ಕರೆ ಹಾಕಿದ್ರೂ ತೂಗಿ ಹಾಕ್ತಿದ್ದ ಪುಣ್ಯಾತ್ಮ!” ಎಂದು ಲೈಲ್ ನಕ್ಕ. “ಬರ್ತೀರ ತಾನೆ ನೀವೂ?”

“ಮಂಡಿ ನೋವು. ನೀವು ಹೋಗಿ.”

ಇಬ್ಬರೂ ಕಿವಿಗೆ ಹಾಕಿಕೊಳ್ಳುವ ದಪ್ಪ ಮುಚ್ಚಿಗೆಗಳನ್ನು ಕತ್ತಿಗೆ ನೇತುಹಾಕಿಕೊಂಡು, ಕೊಟ್ಟಿಗೆಯನ್ನು ಬಳಸಿ ಹಳ್ಳದ ಕಡೆ ಇಳಿದು ಹೋದರು. ಅವರ ಗುರಿಯ ದಿಬ್ಬ ಅಡುಗೆಮನೆಯ ಹಿಂಬಾಗಿಲಿನ ಇಳಿಜಾರಿನ ಕೆಳಗೇ ಇದೆ. ಹಾರಿಸುವ ಮೇಜು ಮಾತ್ರ ಅಲ್ಲಿಂದ ನೂರು ಗಜ ಆಚೆ.

ಗಡಿಯಾರ ಮೂರು ತೋರಿಸಿತು. ಕೆಳಗಿನಿಂದ ಖಟಕ್.

ಅಲ್ಮಾ ಮೇಜಿನ ಅಂಚು ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಹಳ್ಳದಿಂದ ಢಂ ಎಂದು ಮೊದಲ ಗುಂಡು. ಈಗ ಅವರು ಓರಿನ್ನನ ಬಗ್ಗೆ ಇನ್ನೊಂದು ಮಾತು ಆಡುತ್ತಿರಬೇಕು. ಮತ್ತೆ ಖಟಕ್, ಮತ್ತೆ ಢಂ. ದಿನವೂ ತನ್ನ ಪಾಡಿಗೆ ಓಡುತ್ತಿದ್ದ ಸದ್ದು ಇವತ್ತು ಅವರಿಗಾಗಿ ಕಾಯುತ್ತಿತ್ತು. ಪ್ರತಿ ಗುಂಡಿಗೂ ಒಂದು ಹೆಜ್ಜೆ ಮುಂದೆ, ಇದನ್ನು ನಾನು ನೋಡಿದೀನಿ, ಸರಿಯಿದೆ, ಹೋಗಲಿ ಎಂದು ಬಿಟ್ಟುಕೊಟ್ಟ ಹಾಗೆ. ಮೂರು. ನಾಲ್ಕು. ಒಲೆಯಲ್ಲಿ ಕಡುಬು ಸೀಯುವ ವಾಸನೆ ಬಂದರೂ ಅವಳು ಅತ್ತ ತಿರುಗಲಿಲ್ಲ. ಐದು. ಆರು. ಏಳನೆಯ ಖಟಕ್, ಏಳನೆಯ ಢಂ.

ಆಮೇಲೆ ಮೌನ. ದಿನದ ಮೌನಕ್ಕಿಂತ ಉದ್ದವಾದದ್ದು. ಎಂಟನೆಯ ಖಟಕ್ ಬರಲಿಲ್ಲ. ಬದಲಿಗೆ ನೆಲಮಾಳಿಗೆಯ ಮೆಟ್ಟಿಲು ಕಿರ್ ಎಂದಿತು. ಒಂದು ಮೆಟ್ಟಿಲು, ಇನ್ನೊಂದು. ಹತ್ತುತ್ತಿದ್ದವನ ಉಸಿರು ಮುಚ್ಚಿದ ಬಾಗಿಲಿನ ಆಚೆ ಬಂದು ನಿಂತಿತು. ಪುದೀನಾ ಪೆಪ್ಪರಮೆಂಟಿನ ವಾಸನೆ ಸಂದಿಯಿಂದ ಬಂತು, ಓರಿನ್ ದಿನವಿಡೀ ಚೀಪುತ್ತಿದ್ದದ್ದು.

“ಅಲ್ಮಾ.”

ಎರಡು ವರ್ಷದಿಂದ ಆ ದನಿಯಲ್ಲಿ ಅವಳು ತನ್ನ ಹೆಸರು ಕೇಳಿರಲಿಲ್ಲ. ಈಗ ಕೇಳಿದ್ದು ಅವಳ ಹೆಸರೇ, ರಾಗ್ನಾ ಅಲ್ಲ.

ಮಂಡಿ ಎಲ್ಲಿತ್ತೋ, ನೋವು ಎಲ್ಲಿತ್ತೋ. ಹಿಂಬಾಗಿಲು ತೆಗೆದು ಇಳಿಜಾರಿಗೆ ಬಿದ್ದಳು. “ಮಾರಿತ್! ಹಾರಿಸಬೇಡ್ವೇ!” ಎಂದು ಕಿರುಚಿದಳು. ಕಿವಿಗೆ ಮುಚ್ಚಿಗೆ ಹಾಕಿಕೊಂಡವರಿಗೆ ಯಾವ ಕಿರುಚಾಟ ಕೇಳೀತು? ಕೂಗಿ ಪ್ರಯೋಜನವಿಲ್ಲ, ಕಾಣಬೇಕು. ಜಾರಿ, ಕುಂಡೆಯ ಮೇಲೆ ಕೂತು, ಎದ್ದು, ಒಣಹುಲ್ಲು ಹಿಡಿದು ಇಳಿದು, ದಿಬ್ಬದ ಮುಂದೆ, ಗುರಿಯ ಹಲಗೆಯ ಎದುರಿಗೇ ಎರಡೂ ಕೈ ಎತ್ತಿ ನಿಂತಳು. ನೂರು ಗಜ ಆಚೆ ಮಾರಿತ್ ಕೋವಿಯ ಬಾಗಿಲು ಮುಚ್ಚಿ, ಸಿಡಿಸುವ ಕುದುರೆಯನ್ನು ಹಿಂದಕ್ಕೆ ಎಳೆದು ನಿಲ್ಲಿಸಿ, ಕೆನ್ನೆ ಇಟ್ಟಾಗಿತ್ತು.

ಲೈಲ್ ನಳಿಗೆಯನ್ನು ಆಕಾಶಕ್ಕೆ ತಳ್ಳಿದ. ಅಷ್ಟು ದೂರದಿಂದಲೂ ಅವನ ಬೈಗುಳ ಸ್ಪಷ್ಟವಾಗಿ ಕೇಳಿತು.

ಅವಳು ಮೇಜಿನ ಹತ್ತಿರ ಬರುವಷ್ಟರಲ್ಲಿ ಮಾರಿತ್ ತೋಟಾ ಹೊರಗೆ ತೆಗೆದಿದ್ದಳು. “ಅಮ್ಮಾ, ನಿನಗೆ ಹುಚ್ಚೇ? ಕೊಂದುಬಿಡ್ತಿದ್ದೆನಲ್ಲೇ ನಿನ್ನ!”

“ಅದನ್ನ ಹಾರಿಸಬೇಡ. ಎಂಟನೇದು.” ಅಲ್ಮಾ ಮೇಜಿಗೆ ಒರಗಿ ಉಸಿರು ಎಳೆದುಕೊಂಡಳು. ಆಮೇಲೆ ಎಂಟು ತಿಂಗಳು ನುಂಗಿಕೊಂಡದ್ದನ್ನೆಲ್ಲ ಕಕ್ಕಿಬಿಟ್ಟಳು. ಉಪ್ಪಿನ ಕಾಫಿ, ರಾಗ್ನಾ, ಫೋನು, ಆ ಅರ್ಧ ಗಂಟೆ. “ಅವನ ತಲೆ ಸರಿಯಿರಲಿಲ್ಲ ಕಣೆ. ಗೊತ್ತಿದ್ದೂ ಆ ಡಬ್ಬೀನ ನಿನ್ನ ಕೈಗೆ ಬಿಟ್ಟೆ. ನಾನು ತಾಯಿಯಲ್ಲ, ಹೆಮ್ಮಾರಿ.”

ಲೈಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮಾರಿತ್ ಕೋವಿಯನ್ನು ಮೇಜಿನ ಮೇಲೆ ಮಲಗಿಸಿದಳು.

“ಅಮ್ಮಾ, ಇವು ಅಪ್ಪ ತುಂಬಿದ್ದಲ್ಲ” ಅಂದಳು. “ಅಪ್ಪನದು ನನಗೂ ಗೊತ್ತಿತ್ತು. ಹೋದ ಕ್ರಿಸ್ಮಸ್ಸಲ್ಲಿ ನನ್ನನ್ನೇ ಯಾರಮ್ಮಾ ನೀನು ಅಂತ ಕೇಳಿದ. ನೀನು ಮುಚ್ಚಿಡ್ತಿದ್ದೆ, ಅದಕ್ಕೆ ನಾನೂ ಮುಚ್ಚಿಟ್ಟೆ. ಸೆಪ್ಟೆಂಬರ್ ರಜೆಯಲ್ಲಿ, ಆ ಸೋಮವಾರ ಮಧ್ಯಾಹ್ನ, ನೀನು ಹೊರಗೆ ಜಗಲಿಯಲ್ಲಿದ್ದಾಗ, ಕೆಳಗೆ ಕೂತು ಇಪ್ಪತ್ತನ್ನೂ ಬಿಚ್ಚಿದೆ. ಅದರಲ್ಲಿ ಒಂಬತ್ತು ತೋಟಾಗಳಲ್ಲಿ ಗಟ್ಟಿ ಕೋವಿಯ ಮದ್ದಿತ್ತು. ಎಲ್ಲಾ ಚೆಲ್ಲಿ, ಅವನದೇ ಚಿಪ್ಪು, ಅವನದೇ ಗುಂಡು ಇಟ್ಟು, ಮದ್ದು ಮಾತ್ರ ನಾನೇ ತೂಗಿ ತುಂಬಿದೆ. ಸಾಲಾಗಿ ಜೋಡಿಸಿಟ್ಟೆ, ಆ ಸಾಲಲ್ಲೇ ಹಾರಿಸ್ತಿದೀನಿ. ಇದು ನನ್ನ ಕೈಯದು, ಹೆದರಬೇಡ.”

ಹೇಳಿ ಎಂಟನೆಯದನ್ನು ಮತ್ತೆ ಕೋವಿಗೆ ಹಾಕಲು ಹೋದಳು. ಅಲ್ಮಾ ಅವಳ ಮಣಿಕಟ್ಟು ಹಿಡಿದಳು.

“ಬಿಚ್ಚು.”

“ಅಮ್ಮಾ, ಹೇಳಿದ್ನಲ್ಲ—”

“ಬಿಚ್ಚೇ ಅಂದೆ.”

ಲೈಲ್ ಮನೆಯ ಹತ್ತಿರ ನಿಲ್ಲಿಸಿದ್ದ ಟ್ರಕ್ಕಿನಿಂದ ಟೊಳ್ಳು ಸುತ್ತಿಗೆ ತಂದ. ಅದರೊಳಗೆ ತೋಟಾ ಸಿಕ್ಕಿಸಿ ಕಲ್ಲಿಗೆ ಕುಟ್ಟಿದರೆ ಗುಂಡು ಕಳಚಿ ಬರುತ್ತದೆ. ಕಡುಬಿಗೆಂದು ತಂದಿದ್ದ ಬಿಳಿ ಕಾಗದದ ತಟ್ಟೆಗಳನ್ನು ಮೇಜಿನ ಮೇಲೆ ಇಟ್ಟ. ಮಾರಿತ್ ಹಟದಿಂದ ಒಂಬತ್ತನೆಯದನ್ನು ಮೊದಲು ಎತ್ತಿಕೊಂಡು ಕುಟ್ಟಿದಳು. ತಟ್ಟೆಯ ಮೇಲೆ ಒಂದು ಚಿಟಿಕೆಯಷ್ಟು ಬೂದು ಮದ್ದು ಬಿತ್ತು, ಅಜ್ಜನ ಗಂಜಿ. ಇನ್ನೊಂದು ತಟ್ಟೆಗೆ ಸುರಿದ ಹತ್ತನೆಯದೂ ಅಷ್ಟೇ. “ನೋಡಿದ್ಯಾ?” ಎಂದಳು. ಅಲ್ಮಾ ಬದಿಗಿಟ್ಟಿದ್ದ ಎಂಟನೆಯದನ್ನು ಎತ್ತಿ ಅವಳ ಕೈಗೆ ಕೊಟ್ಟಳು.

ಮೂರನೆಯ ಏಟಿಗೆ ಗುಂಡು ಬಿಟ್ಟಿತು. ಮಾರಿತ್ ತಟ್ಟೆಗೆ ಸುರಿದಳು. ಮದ್ದು ಬಿತ್ತು, ಬೀಳುತ್ತಲೇ ಇತ್ತು. ಅವಳು ಚಿಪ್ಪನ್ನು ತಟ್ಟಿ ತಟ್ಟಿ ಖಾಲಿ ಮಾಡಿದಳು. ಪಕ್ಕದ ಒಂದೊಂದು ರಾಶಿಯ ಸರಿಯಾಗಿ ಎರಡರಷ್ಟಿತ್ತು. ಅಷ್ಟು ದೊಡ್ಡ ಚಿಪ್ಪಿನ ತಳದಲ್ಲಿ ಎರಡು ಪಾಲು ಬಿದ್ದರೂ ಮೇಲಿಂದ ನೋಡಿದವರಿಗೆ ಕಾಣುವುದಿಲ್ಲ. ಗಟ್ಟಿ ಕೋವಿಯಾದರೆ ಕೆಮ್ಮಿ ಸುಮ್ಮನಾಗುತ್ತಿತ್ತೇನೋ. ಅಜ್ಜನ ಕೋವಿಯ ಬಾಗಿಲು ನಿಲ್ಲುತ್ತಿರಲಿಲ್ಲ.

“ದೇವರೇ” ಎಂದ ಲೈಲ್.

ಮಾರಿತ್‌ಳ ಮುಖದಲ್ಲಿ ರಕ್ತವಿರಲಿಲ್ಲ. “ಒಂದ್ಸಲ ಸುರಿದಿದ್ದೆ” ಅಂದಳು ನಿಧಾನವಾಗಿ, ಆ ಮಧ್ಯಾಹ್ನವನ್ನು ಕಣ್ಣ ಮುಂದೆ ಇಟ್ಟುಕೊಂಡವಳಂತೆ. “ಅಷ್ಟರಲ್ಲಿ ನೀನು ಜಗಲಿಯಿಂದ ಒಳಗೆ ಬಂದು ಮೆಟ್ಟಿಲ ಮೇಲಿಂದ ಕೂಗಿದೆ, ಕಾಫಿ ಆರ್ತಿದೆ, ಕೆಳಗೆ ಏನ್ ಮಾಡ್ತಿದ್ದೀಯೆ ಅಂತ. ಗಾಳ ಹುಡುಕ್ತಿದೀನಿ ಅಂತ ಸುಳ್ಳು ಹೇಳೋಕೆ ಮೆಟ್ಟಿಲ ತನಕ ಓಡಿದೆ. ವಾಪಸ್ ಬಂದು... ಮತ್ತೆ ತೂಗಿದೆ. ಮಧ್ಯೆ ಯಾರಾದ್ರೂ ಮಾತಾಡಿಸಿದ್ರೆ ಎಲ್ಲಾ ಚೆಲ್ಲಿ ಮೊದಲಿಂದ ಶುರು ಮಾಡು ಅಂತ ಅಪ್ಪ ನೂರು ಸಲ ಹೇಳಿದ್ದ. ನೀನು ಇಳಿದು ಬಂದ್ಬಿಟ್ರೆ ಅಂತ ಅವಸರ ಮಾಡಿದೆ.”

ಅಲ್ಮಾ ಮಗಳ ಕೆನ್ನೆಯನ್ನು, ಕೋವಿಗೆ ಒರಗಿಸಿದ್ದ ಆ ಬಲಗೆನ್ನೆಯನ್ನು, ಎರಡೂ ಅಂಗೈಯಿಂದ ಮುಚ್ಚಿಕೊಂಡಳು. ಬಿಡಲಿಲ್ಲ.

“ಎಂಟನೇದು ಅಂತ ನಿನಗೆ ಹೇಗೆ ಗೊತ್ತಾಯ್ತಮ್ಮ?”

“ನಿಮ್ಮಪ್ಪ ಕೆಳಗೆ ಹಿಡಿಕೆ ಎಳೆದು ಎಣಿಸ್ತಿದ್ದ. ನೀನು ಹೋದ ಮಾರನೇ ದಿನದಿಂದ ದಿನಾ ಎಣಿಸ್ತಿದ್ದ, ಏಳಾದ ಮೇಲೆ ನಿಲ್ಲಿಸ್ತಿದ್ದ. ನಾನು ಅವನ ತಪ್ಪು ಅಂದ್ಕೊಂಡೆ.”

ಮಾರಿತ್ ಕೈಯಲ್ಲಿದ್ದ ಖಾಲಿ ಚಿಪ್ಪನ್ನು ಮೇಜಿನ ಮೇಲಿಟ್ಟಳು.

“ಅಪ್ಪನಿಗೆ ಆರರ ಮೇಲೆ ಎಣಿಸೋಕೆ ಬರ್ತಿರಲಿಲ್ಲವಲ್ಲಮ್ಮ” ಅಂದಳು. ಮಣ್ಣು ಮಾಡಿದ ದಿನವೂ ಅಳದಿದ್ದವಳು ತಾಯಿಯ ಕೈಯೊಳಗೆ ಮುಖವಿಟ್ಟು ಅತ್ತಳು.